ಥಿನ್ನರ್ ಎಷ್ಟು ಹಾಕಬೇಕು? ಮೊದಲು ಒಂದು ಕಪ್ ಕೊಳ್ಳಿ

ಪ್ರಶ್ನೆ: ಸಾರ್, ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹಳೇ ಮನೆ ಬಿಚ್ಚಿದಾಗ ಸಿಕ್ಕಿದ ಸಾಗುವಾನಿ ಹಲಗೆಯಲ್ಲಿ ನಾನೇ ಒಂದು ಊಟದ ಮೇಜು ಮಾಡಿದ್ದೇನೆ. ಪಾಲಿಶ್ ಕೂಡ ನಾನೇ ಹೊಡೆಯೋಣ ಅಂತ 1 ಎಚ್‌ಪಿ ಕಂಪ್ರೆಸರ್, ಮೇಲೆ ಕಪ್ ಇರುವ 1.4 ಮಿ.ಮೀ. ನಾಝಲ್‌ನ ಗನ್, ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಮ್ಯಾಟ್ ತಂದೆ. ಬೇಸ್ 2 ಪಾಲು, ಹಾರ್ಡ್‌ನರ್ 1 ಪಾಲು, ತೆಳ್ಳಗೆ ಮಾಡುವ ಥಿನ್ನರ್ ಶೇ. 20ರಿಂದ 40 ಎಂದು ಡಬ್ಬಿಯ ಮೇಲಿದೆ. ಶೇ. 20 ಹಾಕಿದಾಗ ಕಿತ್ತಳೆ ಸಿಪ್ಪೆಯ ಥರ ಬಂತು. ನಮ್ಮ ಆಚಾರಿಯವರು "ಅರ್ಧಕ್ಕರ್ಧ ಹಾಕಿ" ಅಂದರು. ಹಾಕಿದೆ, ಮೇಜಿನ ಕಾಲುಗಳ ಮೇಲೆಲ್ಲ ಇಳಿದುಬಿಟ್ಟಿತು. ಮೂರನೇ ಸಲ ಸಂಜೆ ಮಳೆ ಬರುತ್ತಿದ್ದಾಗ ಹೊಡೆದೆ. ಈಗ ಮೇಲೆಲ್ಲ ಬಿಳಿ ಮಂಜು ಕೂತ ಹಾಗಿದೆ. ಥಿನ್ನರ್ ಮಾತ್ರ ಅಂಗಡಿಯವರು ಕೊಟ್ಟ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, "ಎಲ್ಲಾ ಒಂದೇ" ಅಂದರು. ಸರಿಯಾದ ಅಳತೆ ಎಷ್ಟು?

ಉತ್ತರ: ನೀವು ಕೇಳಿದ್ದು ಒಂದು ಅಳತೆ. ಆದರೆ ನಿಮ್ಮ ಮೇಜಿನ ಮೇಲೆ ನಾಲ್ಕು ಬೇರೆ ಬೇರೆ ತಪ್ಪುಗಳು ಕೂತಿವೆ. ಅದರಲ್ಲಿ ಥಿನ್ನರ್ ಜಾಸ್ತಿಯಾದದ್ದು ಒಂದೇ ಒಂದು. ಇದರಲ್ಲಿ ನಿಮ್ಮ ದೊಡ್ಡ ತಪ್ಪೇನೂ ಇಲ್ಲ. ನಮ್ಮ ಕಡೆ ಗನ್ ಹಿಡಿದವರೆಲ್ಲ ಏನೇ ಆದರೂ ಮೊದಲು ಕೈ ಹಾಕುವುದು ಥಿನ್ನರ್ ಕ್ಯಾನಿಗೇ.

ಮೊದಲು ಆ ಎನ್‌ಸಿ ಥಿನ್ನರ್ ವಿಷಯ ಮುಗಿಸೋಣ. ಎಲ್ಲಾ ಒಂದೇ ಅಲ್ಲ. ಎನ್‌ಸಿ ಥಿನ್ನರ್ ಅನ್ನುವುದು ನಾಲ್ಕಾರು ದ್ರಾವಕಗಳ ಮಿಶ್ರಣ. ಟಾಲ್ವೀನ್ ಥರದ್ದು ಒಂದಿಷ್ಟು, ಅಸಿಟೇಟ್ ಒಂದಿಷ್ಟು, ಜೊತೆಗೆ ಸಾಮಾನ್ಯವಾಗಿ ಆಲ್ಕೋಹಾಲ್ ಕೂಡ ಇರುತ್ತದೆ. ಎನ್‌ಸಿ ಲ್ಯಾಕರ್ ಎಂಬ ಪಾಲಿಶ್‌ಗೆ ಆಲ್ಕೋಹಾಲ್‌ನಿಂದ ಉಪಯೋಗವೇ ಹೊರತು ಏನೂ ತೊಂದರೆಯಿಲ್ಲ. ಪಿಯುಗೆ ಮಾತ್ರ ಅದು ವಿಷ. ನಿಮ್ಮ ಹಾರ್ಡ್‌ನರ್‌ನಲ್ಲಿರುವುದು ಐಸೊಸಯನೇಟ್. ಬೇಸ್ ಜೊತೆ ಸೇರಿ ಗಟ್ಟಿ ಪದರ ಕಟ್ಟುವುದು ಅದರ ಕೆಲಸ. ಆದರೆ ಪಕ್ಕದಲ್ಲಿ ಆಲ್ಕೋಹಾಲ್ ಸಿಕ್ಕಿದರೆ ಅದರ ಜೊತೆಗೂ ಸೇರಿಕೊಳ್ಳುತ್ತದೆ, ನೀರು ಸಿಕ್ಕಿದರೆ ನೀರಿನ ಜೊತೆಗೂ. ಅಷ್ಟು ಹಾರ್ಡ್‌ನರ್ ಅಲ್ಲೇ ಖರ್ಚಾಯಿತು. ಬೇಸ್‌ಗೆ ಉಳಿಯುವುದು ಕಡಿಮೆ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ಬಿಸಿ ಸಾರಿನ ಪಾತ್ರೆ ಇಟ್ಟರೆ ತಳ ಅಂಟಿಕೊಳ್ಳುತ್ತದೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಶುರುವಿನ ದಿನಗಳಲ್ಲಿ ಒಂದು ವಾರ್ಡ್‌ರೋಬ್‌ಗೆ ಅಂಗಡಿಯಲ್ಲಿ ಬಿಡಿಯಾಗಿ ಅಳೆದು ಕೊಟ್ಟ ಥಿನ್ನರ್ ಹಾಕಿ ಪಿಯು ಹೊಡೆದೆ. ಮೂರು ವಾರ ಕಳೆದರೂ ಬಾಗಿಲು ಚೌಕಟ್ಟಿಗೆ ಅಂಟುತ್ತಿತ್ತು. ಕೊನೆಗೆ ಎಲ್ಲವನ್ನೂ ಕೆರೆದು, ಮರದ ತನಕ ಉಜ್ಜಿ, ಮತ್ತೆ ಹೊಡೆದುಕೊಟ್ಟೆ. ಆ ಕೆಲಸದಲ್ಲಿ ಉಳಿದದ್ದು ಕೈನೋವು ಒಂದೇ. ಅಂದಿನಿಂದ ಪಿಯು ಯಾವ ಕಂಪನಿಯದೋ ಥಿನ್ನರ್ ಕೂಡ ಅದೇ ಕಂಪನಿಯದು, ಸೀಲ್ ಒಡೆಯದ ಡಬ್ಬಿ. ಲೀಟರಿಗೆ ನಾಲ್ಕು ಕಾಸು ಜಾಸ್ತಿ ಆಗುತ್ತದೆ, ಆಗಲಿ. ಎನ್‌ಸಿ ಥಿನ್ನರನ್ನು ಎಸೆಯಬೇಡಿ. ಕೆಲಸ ಮುಗಿದ ಮೇಲೆ ಗನ್ ತೊಳೆಯಲು ಅದೇ ಸಾಕು.

ಇನ್ನು "ಅರ್ಧಕ್ಕರ್ಧ". ಈ ಮಾತಿನಿಂದ ಹಾಳಾದಷ್ಟು ಮೇಜು ಗೆದ್ದಲಿನಿಂದಲೂ ಹಾಳಾಗಿರಲಿಕ್ಕಿಲ್ಲ. ಥಿನ್ನರ್ ಶೇ. 50 ಅಂದರೆ ನೂರು ಪಾಲು ಪಾಲಿಶ್‌ಗೆ ಐವತ್ತು ಪಾಲು ಥಿನ್ನರ್. ಅರ್ಧಕ್ಕರ್ಧ ಅಂದರೆ ನೂರಕ್ಕೆ ನೂರು. ಡಬ್ಬಿಯ ಲೆಕ್ಕದಲ್ಲಿ ಅದು ಶೇ. 100! ನಿಮ್ಮ ಆಚಾರಿಯವರು ಇವೆರಡರಲ್ಲಿ ಯಾವುದನ್ನು ಹೇಳಿದರೋ, ನೀವು ಯಾವುದನ್ನು ಹಾಕಿದಿರೋ. ಇನ್ನೊಂದು ಗೊಂದಲವೂ ಇದೆ. ಕೆಲವು ಕಂಪನಿಗಳು ಥಿನ್ನರ್ ಲೆಕ್ಕವನ್ನು ಬೇಸ್ ಮತ್ತು ಹಾರ್ಡ್‌ನರ್ ಸೇರಿದ ಮೊತ್ತದ ಮೇಲೆ ಹೇಳುತ್ತವೆ, ಕೆಲವು ಬೇಸ್ ಮೇಲೆ ಮಾತ್ರ. ಕಂಪನಿಯ ಮಾಹಿತಿ ಹಾಳೆಯನ್ನು ಒಮ್ಮೆ ಗಮನವಿಟ್ಟು ಓದಿ.

ಥಿನ್ನರ್ ಜಾಸ್ತಿ ಆದರೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಒಂದಿದೆ. ಥಿನ್ನರ್ ಪೂರ್ತಿ ಗಾಳಿಗೆ ಹೋಗುತ್ತದೆ, ಮರದ ಮೇಲೆ ಉಳಿಯುವುದು ಪಾಲಿಶ್‌ನ ಗಟ್ಟಿ ಅಂಶ ಮಾತ್ರ. ಬೆರೆಸಿದ ಪಿಯುನಲ್ಲಿ ನೂರಕ್ಕೆ ಮೂವತ್ತು ಪಾಲು ಗಟ್ಟಿ ಅಂಶ ಇದೆ ಎಂದುಕೊಳ್ಳಿ. ಶೇ. 20 ಥಿನ್ನರ್ ಹಾಕಿದರೆ ಅದು 25 ಆಯಿತು. ಶೇ. 50 ಹಾಕಿದರೆ 20. ಅರ್ಧಕ್ಕರ್ಧ ಹಾಕಿದರೆ 15. ಅಂದರೆ 100 ಮೈಕ್ರಾನ್ ಹಸಿ ಪದರ ಹೊಡೆದಾಗ ಒಣಗಿ ಉಳಿಯುವುದು ಮೊದಲನೆಯದರಲ್ಲಿ 25 ಮೈಕ್ರಾನ್, ಕೊನೆಯದರಲ್ಲಿ 15. ಮೂರು ಕೋಟಿನಲ್ಲಿ ಆಗುವ ಕೆಲಸಕ್ಕೆ ಐದು ಕೋಟು ಬೇಕು. ತೆಳ್ಳಗೆ ಮಾಡಿದರೆ ಪಾಲಿಶ್ ಉಳಿಯುತ್ತದೆ ಎನ್ನುವವರು ಈ ಲೆಕ್ಕ ಹಾಕಿ ನೋಡುವುದಿಲ್ಲ. ಮ್ಯಾಟ್‌ನಲ್ಲಿ ಇನ್ನೂ ಒಂದು ತಲೆನೋವು. ಮ್ಯಾಟ್ ಮಾಡುವುದು ಅದರೊಳಗಿನ ಸಣ್ಣ ಸಿಲಿಕಾ ಪುಡಿ. ತೀರಾ ನೀರಾದರೆ ಪುಡಿ ಬೇಗ ತಳ ಸೇರುತ್ತದೆ. ಆಮೇಲೆ ಮೇಜು ಒಂದು ಕಡೆ ಮಿರಿಮಿರಿ, ಇನ್ನೊಂದು ಕಡೆ ಮಂಕು.

ಹಾಗಾದರೆ ಎಷ್ಟು? ಶೇಕಡಾ ಲೆಕ್ಕ ಬಿಡಿ, ಸೆಕೆಂಡಿನಲ್ಲಿ ಅಳೆಯಿರಿ. ಡಬ್ಬಿಯ ಮೇಲೆ 20ರಿಂದ 40 ಅಂತ ಅಷ್ಟು ಅಗಲವಾಗಿ ಯಾಕೆ ಬರೆದಿರುತ್ತಾರೆ ಗೊತ್ತಾ? ಅದೇ ಪಾಲಿಶ್ ಡಿಸೆಂಬರ್ ಬೆಳಗ್ಗೆ ಜೇನಿನ ಹಾಗಿರುತ್ತದೆ, ಏಪ್ರಿಲ್ ಮಧ್ಯಾಹ್ನ ಎಳನೀರಿನ ಹಾಗೆ. ಎರಡಕ್ಕೂ ಒಂದೇ ಅಳತೆ ಹೇಗೆ ಹೇಳುತ್ತಾರೆ? ಗನ್‌ಗೆ ಶೇಕಡಾ ಗೊತ್ತಿಲ್ಲ. ನಾಝಲ್‌ನಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದೊಂದೇ ಅದಕ್ಕೆ ಮುಖ್ಯ.

ಅದನ್ನು ಅಳೆಯಲು ವಿಸ್ಕಾಸಿಟಿ ಕಪ್ ಅಂತ ಸಿಗುತ್ತದೆ. ನಾಲ್ಕು ನಂಬರ್ ಕಪ್ ಕೇಳಿ. ಫೋರ್ಡ್ ಕಪ್ ಅಂತ ಸಿಗುತ್ತದೆ, ನಮ್ಮ ಕಂಪನಿಗಳ ಹಾಳೆಯಲ್ಲಿ ಹೆಚ್ಚುಕಡಿಮೆ ಅಂಥದ್ದೇ ಬಿ4 ಕಪ್ಪಿನ ಹೆಸರೂ ಇರುತ್ತದೆ. ನೂರು ಮಿ.ಲೀ. ಹಿಡಿಯುವ, ತಳದಲ್ಲಿ ಸುಮಾರು ನಾಲ್ಕು ಮಿ.ಮೀ. ತೂತಿರುವ ಬಟ್ಟಲು, ಅಷ್ಟೇ. ಪ್ಲಾಸ್ಟಿಕ್ಕಿನದು ಸಾಕು, ದುಬಾರಿಯಲ್ಲ. ತೂತಿಗೆ ಬೆರಳು ಒತ್ತಿ, ಕಂಠಮಟ್ಟ ತುಂಬಿ, ಬೆರಳು ತೆಗೆದ ಕ್ಷಣ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. ಕೈಗೆ ಗ್ಲೌಸ್ ಇರಲಿ. ಧಾರೆ ದಾರದ ಹಾಗೆ ಇಳಿಯುತ್ತದೆ. ಅದು ಮೊದಲ ಸಲ ಕಡಿದು ಹನಿಯಾದ ಕೂಡಲೇ ನಿಲ್ಲಿಸಿ. ಕಪ್ ಪೂರ್ತಿ ಖಾಲಿ ಆಗುವ ತನಕ ಕಾಯಬೇಡಿ, ಸುಮಾರು ಜನ ಇಲ್ಲೇ ತಪ್ಪುತ್ತಾರೆ.

ಕಪ್ ತಂದ ದಿನ ಮೊದಲು ಬರೀ ನೀರು ಹಾಕಿ ನೋಡಿ. ಸುಮಾರು 10 ಸೆಕೆಂಡ್ ಬರುತ್ತದೆ. ಅದಕ್ಕಿಂತ ಬೇಗ ಯಾವ ಪಾಲಿಶೂ ಹರಿಯುವುದಿಲ್ಲ ಎಂದು ಅಂದಾಜು ಸಿಗುತ್ತದೆ. ನಿಮ್ಮ 1.4 ನಾಝಲ್‌ಗೆ ಪಿಯು ಟಾಪ್ ಕೋಟ್ (ಮೇಲಿನ ಕೊನೆಯ ಪದರ) 16ರಿಂದ 20 ಸೆಕೆಂಡಿನ ನಡುವೆ ಬಂದರೆ ಚೆನ್ನಾಗಿ ಹೊಡೆಯಬಹುದು. ಅದರ ಅಡಿಗೆ ಹೊಡೆಯುವ ಸೀಲರ್ ಎರಡು ಮೂರು ಸೆಕೆಂಡ್ ದಪ್ಪವಿದ್ದರೂ ನಡೆಯುತ್ತದೆ, ಹೇಗೂ ಉಜ್ಜುತ್ತೀರಲ್ಲ. ಕಾಲು, ಅಂಚುಪಟ್ಟಿ ಥರ ನಿಂತಿರುವ ಭಾಗಕ್ಕೆ 20ರ ಹತ್ತಿರ ಇರಲಿ. ಮಲಗಿರುವ ಮೇಜಿನ ಮೇಲ್ಭಾಗಕ್ಕೆ 17, 18. ನೀವು ಶೇ. 100 ಹಾಕಿದ್ದೇ ನಿಜವಾದರೆ ನಿಮ್ಮ ಮಿಶ್ರಣ 12, 13ರಲ್ಲಿತ್ತು ಅಂತ ನನ್ನ ಊಹೆ. ಅದು ಹೆಚ್ಚುಕಡಿಮೆ ನೀರೇ. ಕಾಲಿನ ಮೇಲೆ ಇಳಿಯದೆ ಇನ್ನೇನು ಮಾಡೀತು?

ಬೆರೆಸುವ ಕ್ರಮವೂ ಹೇಳಿಬಿಡುತ್ತೇನೆ. ಬೇಸ್ ಡಬ್ಬಿಯನ್ನು ತಳ ಕೆದಕಿ ಕಲಕಿ. ಗೆರೆ ಇರುವ ಪ್ಲಾಸ್ಟಿಕ್ ಲೋಟದಲ್ಲಿ 400 ಮಿ.ಲೀ. ಬೇಸ್, 200 ಮಿ.ಲೀ. ಹಾರ್ಡ್‌ನರ್. ಈ ಎರಡರ ಅಳತೆಯಲ್ಲಿ ಕಣ್ಣಂದಾಜು ಬೇಡವೇ ಬೇಡ. ಎರಡು ನಿಮಿಷ ನಿಧಾನ ಕಲಕಿದ ಮೇಲೆ ಥಿನ್ನರ್. ಮೊದಲು ಶೇ. 20, ಅಂದರೆ 120 ಮಿ.ಲೀ. ಕಪ್ ಹಿಡಿದು ನೋಡಿ. 26 ಸೆಕೆಂಡ್ ಬಂತು ಅನ್ನಿ, ಇನ್ನು 30 ಮಿ.ಲೀ. ಹಾಕಿ ಮತ್ತೆ ನೋಡಿ. ಹೀಗೆ ಸ್ವಲ್ಪ ಸ್ವಲ್ಪವೇ. ಹಾಕಿದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ, ಸಾರಿಗೆ ಉಪ್ಪು ಹಾಕಿದ ಹಾಗೇ. 18 ಬಂದಾಗ ಒಟ್ಟು ಎಷ್ಟು ಹಾಕಿದಿರಿ, ಆ ದಿನ ಬಿಸಿಲೋ ಚಳಿಯೋ ಎಂದು ಡಬ್ಬಿಯ ಮೇಲೇ ಪೆನ್ನಿನಲ್ಲಿ ಬರೆದಿಡಿ. ಹತ್ತು ನಿಮಿಷ ಸುಮ್ನೆ ಬಿಡಿ, ಗುಳ್ಳೆ ಹೋಗಲಿ. ನೈಲಾನ್ ಜರಡಿಯಲ್ಲಿ ಸೋಸಿ ಗನ್ ಕಪ್ಪಿಗೆ ಹಾಕಿ. ಹಳೇ ಪಂಚೆಯಲ್ಲಿ ಸೋಸಬೇಡಿ, ನೂಲು ಬಂದು ಮೇಜಿನ ಮೇಲೆ ಕೂರುತ್ತದೆ.

ಬೆರೆಸಿದ ಪಿಯು ಒಂದೆರಡು ಗಂಟೆಯಲ್ಲಿ ತಾನಾಗಿಯೇ ದಪ್ಪವಾಗತೊಡಗುತ್ತದೆ. ಆಗ ಮತ್ತೆ ಥಿನ್ನರ್ ಸುರಿದು ತೆಳ್ಳಗೆ ಮಾಡುವವರನ್ನು ನೋಡಿದ್ದೇನೆ. ದಪ್ಪವಾಗಿದ್ದು ದ್ರಾವಕ ಹಾರಿಹೋಗಿ ಅಲ್ಲ, ಒಳಗೊಳಗೇ ಗಟ್ಟಿಯಾಗುತ್ತಿರುವುದಕ್ಕೆ. ಅದು ಸತ್ತ ಮಾಲು. ಬೇಕಾದಷ್ಟೇ ಕಲಸಿ, ಮಿಕ್ಕಿದ್ದನ್ನು ಬಿಟ್ಟುಬಿಡಿ.

ಈಗ ನಿಮ್ಮ ಮೊದಲ ದಿನದ ಕಿತ್ತಳೆ ಸಿಪ್ಪೆಗೆ ಬರುತ್ತೇನೆ. ಇದರಲ್ಲಿ ಥಿನ್ನರ್‌ಗಿಂತ ಜಾಸ್ತಿ ನನಗೆ ಅನುಮಾನ ನಿಮ್ಮ ಕಂಪ್ರೆಸರ್ ಮೇಲೆ. 1 ಎಚ್‌ಪಿ ಯಂತ್ರ ನಿಮಿಷಕ್ಕೆ ಮೂರು ನಾಲ್ಕು ಘನ ಅಡಿ ಗಾಳಿ ಕೊಟ್ಟರೆ ದೊಡ್ಡದು. ಮೇಲೆ ಕಪ್ ಇರುವ ಸಾಧಾರಣ ಗನ್ ಅದರ ಎರಡರಷ್ಟು, ಕೆಲವು ಮೂರರಷ್ಟು ಗಾಳಿ ಕುಡಿಯುತ್ತವೆ. ಶುರುವಿನಲ್ಲಿ ಟ್ಯಾಂಕ್ ತುಂಬಿರುತ್ತದೆ, ಮೊದಲ ಎರಡು ಗೆರೆ ರೇಷ್ಮೆಯ ಹಾಗೆ ಬರುತ್ತವೆ. ಅರ್ಧ ಮೇಜು ದಾಟುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ಗಾಳಿ ಸಾಲದೆ ಪಾಲಿಶ್ ಸಣ್ಣ ಹನಿಯಾಗಿ ಒಡೆಯುವುದಿಲ್ಲ. ದಪ್ಪ ದಪ್ಪ ಹನಿಗಳು ಬಿದ್ದಲ್ಲೇ ಕೂರುತ್ತವೆ. ಅದೇ ಕಿತ್ತಳೆ ಸಿಪ್ಪೆ. ನಾವು ಥಿನ್ನರ್ ಸುರಿಯುತ್ತೇವೆ. ತೆಳ್ಳಗಾದ ಮೇಲೆ ಆ ಬಡಕಲು ಗಾಳಿಗೂ ಹನಿ ಒಡೆಯುತ್ತದೆ, ನಮಗೆ ಸಮಾಧಾನ. ಆಮೇಲೆ ಕಾಲಿನ ಮೇಲೆ ಇಳಿಯುತ್ತದೆ.

ಪರೀಕ್ಷೆ ಸುಲಭ. ಗನ್ ಹಿಡಿಯ ಕೆಳಗೇ ಒಂದು ಸಣ್ಣ ಗೇಜ್ ಹಾಕಿಸಿ. ಟ್ರಿಗರ್ ಒತ್ತಿ ಹಿಡಿದೇ ಮುಳ್ಳು ನೋಡಿ, ಬಿಟ್ಟು ನೋಡಿದರೆ ಎಲ್ಲಾ ಗನ್‌ನಲ್ಲೂ ಒತ್ತಡ ಚೆನ್ನಾಗೇ ಇರುತ್ತದೆ. ಗನ್ ಮೇಲೆ ಬರೆದ ಒತ್ತಡ ಅರ್ಧ ನಿಮಿಷ ನಿಲ್ಲಬೇಕು. ನಿಲ್ಲದಿದ್ದರೆ ಎರಡು ದಾರಿ. ಕಡಿಮೆ ಗಾಳಿಯಲ್ಲಿ ನಡೆಯುವ ಗನ್ ತೆಗೆದುಕೊಳ್ಳುವುದು ಒಂದು. ದುಡ್ಡು ಖರ್ಚು ಬೇಡ ಅಂದರೆ, ಒಂದು ಭಾಗ ಹೊಡೆದು, ಟ್ಯಾಂಕ್ ತುಂಬುವ ತನಕ ನಿಂತು, ಮುಂದಿನ ಭಾಗ ಹೊಡೆಯುವುದು. ಮೇಜಿನ ಕಾಲುಗಳಿಗೆ ಇದು ಆರಾಮಾಗಿ ನಡೆಯುತ್ತದೆ. ಅಗಲವಾದ ಮೇಲ್ಭಾಗಕ್ಕೆ ಸ್ವಲ್ಪ ಕಷ್ಟ. ಅದಕ್ಕೆ ಅಕ್ಕಪಕ್ಕದ ಗ್ಯಾರೇಜಿನವರ 3 ಎಚ್‌ಪಿ ಯಂತ್ರ ಅರ್ಧ ದಿನ ಕೇಳಿದರೆ ನಾಚಿಕೆಯೇನಿಲ್ಲ. ಪೈಪ್ ಉದ್ದವಾಗಿ, ಸಣ್ಣದಾಗಿದ್ದರೂ ಒತ್ತಡ ಬೀಳುತ್ತದೆ, ಅದನ್ನೂ ನೋಡಿ. ಗನ್ ಮರದಿಂದ ಆರರಿಂದ ಎಂಟು ಇಂಚು ದೂರ, ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧ ಮುಚ್ಚುವ ಹಾಗೆ. ಇದು ನಿಮಗೆ ಗೊತ್ತಿರುವುದೇ ಇರಬೇಕು.

ಚಳಿಗಾಲದಲ್ಲಿ ಹೊಡೆಯುವವರಿಗೆ ಇನ್ನೊಂದು ಉಪಾಯವಿದೆ. ಚನ್ನಪಟ್ಟಣದ ಬೊಂಬೆ ಮಾಡುವವರನ್ನು ನೋಡಿದ್ದೀರಾ? ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗನ್ನೂ ಇಲ್ಲ, ಥಿನ್ನರೂ ಇಲ್ಲ. ತೆಳ್ಳಗೆ ಮಾಡಲು ಬಿಸಿ ಸಾಕು ಎಂಬುದು ನಮ್ಮವರಿಗೆ ಹಳೇ ವಿದ್ಯೆ. ಪಿಯು ಬೇಸ್‌ಗೂ ಅದು ನಡೆಯುತ್ತದೆ. ಹಾರ್ಡ್‌ನರ್ ಬೆರೆಸುವ ಮೊದಲು ಬೇಸ್ ಡಬ್ಬಿಯ ಮುಚ್ಚಳ ಸಡಿಲ ಮಾಡಿ, ಸ್ನಾನದ ನೀರಿನಷ್ಟು ಬೆಚ್ಚಗಿರುವ ಬಕೆಟ್ಟಿನಲ್ಲಿ ಅರ್ಧ ಗಂಟೆ ಇಡಿ. ಒಳಗೆ ನೀರು ಸಿಡಿಯಬಾರದು. ಒಲೆಯ ಹತ್ತಿರಕ್ಕೆ ಒಯ್ಯಬೇಡಿ. ಬೆಚ್ಚಗಿನ ಬೇಸ್‌ಗೆ ಥಿನ್ನರ್ ಕಡಿಮೆ ಸಾಕು, ಪದರವೂ ದಪ್ಪ ಸಿಗುತ್ತದೆ. ಆದರೆ ಬೆರೆಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಕೈ ಚುರುಕಾಗಿರಲಿ.

ಬಿಳಿ ಮಂಜಿನ ವಿಷಯ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟ ಮೇಜಿನ ಮೇಲಿಟ್ಟರೆ ಹೊರಗೆಲ್ಲ ಬೆವರುತ್ತದಲ್ಲ, ಇದೂ ಅದೇ. ಥಿನ್ನರ್ ಬೇಗ ಹಾರುವಾಗ ಪದರದ ಮೈ ತಣ್ಣಗಾಗುತ್ತದೆ. ಕೈ ಮೇಲೆ ಸ್ಪಿರಿಟ್ ಹಚ್ಚಿದಾಗ ತಂಪಾಗುವ ಹಾಗೆ. ಮಲೆನಾಡಿನ ಮಳೆಗಾಲದ ಸಂಜೆ ಗಾಳಿಯಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ತಣ್ಣಗಿನ ಮೈ ಸಿಕ್ಕಿದ ಕೂಡಲೇ ಅಲ್ಲಿ ಕೂರುತ್ತದೆ. ಎನ್‌ಸಿಯಲ್ಲಾದರೆ ಬಿಳಿಚಿಕೊಂಡು ನಿಲ್ಲುತ್ತದೆ. ಪಿಯುನಲ್ಲಿ ಆ ನೀರು ಹಾರ್ಡ್‌ನರ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನೂ ಎಬ್ಬಿಸಬಹುದು. ನಿಮ್ಮದರಲ್ಲಿ ಅರ್ಧ ದೋಷ ಮಳೆಯದು, ಇನ್ನರ್ಧ ಬೇಗ ಹಾರುವ ಎನ್‌ಸಿ ಥಿನ್ನರ್‌ನದು.

ಮದ್ದು ಏನು? ಆಗುವುದಾದರೆ ಕಾಯುವುದೇ ಮದ್ದು. ಮಳೆ ಬಿಟ್ಟ ದಿನ, ಹತ್ತು ಗಂಟೆ ಮೇಲೆ, ಮೂರರೊಳಗೆ. ಕಾಯಲು ಆಗದಿದ್ದರೆ ನಿಮ್ಮ ಪಿಯು ಕಂಪನಿಯದೇ ನಿಧಾನ ಒಣಗುವ ಥಿನ್ನರ್ ಕೇಳಿ. ಇಲ್ಲೂ ಒಂದು ಬಲೆ ಇದೆ. ಅಂಗಡಿಯವರು "ರಿಟಾರ್ಡರ್" ಅಂತ ಕೊಡುವುದು ಹೆಚ್ಚಾಗಿ ಎನ್‌ಸಿಗೆ ಹಾಕುವ ಬ್ಯುಟೈಲ್ ಸೆಲೊಸಾಲ್ವ್. ಅದೂ ಆಲ್ಕೋಹಾಲ್ ಜಾತಿಯದ್ದೇ. ಎನ್‌ಸಿ ಲ್ಯಾಕರ್‌ಗೆ ಶೇ. 5 ಹಾಕಿದರೆ ಬಿಳಿಚುವುದು ನಿಲ್ಲುತ್ತದೆ, ಬಹಳ ಒಳ್ಳೆಯ ವಸ್ತು. ಪಿಯುಗೆ ಹಾಕಿದರೆ ನನ್ನ ವಾರ್ಡ್‌ರೋಬ್ ಕಥೆ ನಿಮ್ಮ ಮನೆಯಲ್ಲೂ ನಡೆಯುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿನ ತಳದ ತಿರುಪು ಬಿಚ್ಚಿ ದಿನಾ ನೀರು ಬಿಡಿ. ಗನ್‌ಗೆ ಹೋಗುವ ದಾರಿಯಲ್ಲಿ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು.

ನಿಮಗೆ ಬೇಡದ ವಿಷಯವಾದರೂ ಎರಡು ಮಾತು, ಮುಂದೆ ಬೇರೆ ಪಾಲಿಶ್ ಹೊಡೆದರೆ ಬೇಕಾಗುತ್ತದೆ. ಮೆಲಮೈನ್ ಪಾಲಿಶ್‌ನ ಹಾರ್ಡ್‌ನರ್ ಆಸಿಡ್, ಅದನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ. ಕೋಟಿನ ಮೇಲೆ ಕೋಟು ಪೇರಿಸಿದರೆ ಬಿರುಕು ಬಿಡುತ್ತದೆ. ಅರಗಿನ ಫ್ರೆಂಚ್ ಪಾಲಿಶ್‌ಗೆ ಸ್ಪಿರಿಟ್, ಎಣ್ಣೆ ವಾರ್ನಿಶ್‌ಗೆ ಟರ್ಪೆಂಟೈನ್. ನೀರಿನ ಪಾಲಿಶ್‌ಗೆ ನೀರು, ಅದೂ ಶೇ. 10 ದಾಟದ ಹಾಗೆ. ಅದಕ್ಕೆ ಇನ್ನೂ ತೆಳ್ಳಗೆ ಬೇಕು ಅನಿಸಿದರೆ ದೊಡ್ಡ ನಾಝಲ್ ಹಾಕಿ, ನೀರು ಸುರಿಯಬೇಡಿ.

ಮಾಸ್ಕ್ ಬಗ್ಗೆ ನೀವು ಏನೂ ಬರೆದಿಲ್ಲ, ಅದಕ್ಕೇ ನನಗೆ ಭಯ. ಮುಖಕ್ಕೆ ಟವೆಲ್ ಸುತ್ತಿಕೊಂಡು ಪಿಯು ಹೊಡೆಯಬೇಡಿ. ಬಟ್ಟೆ ಧೂಳು ತಡೆದೀತು, ಆವಿಯನ್ನು ತಡೆಯುವುದಿಲ್ಲ. ಐಸೊಸಯನೇಟ್ ಒಮ್ಮೆ ಮೈಗೆ ಒಗ್ಗದೆ ಹೋದರೆ ಆಸ್ತಮಾ ಹತ್ತಿಸುತ್ತದೆ. ಆಮೇಲೆ ಸ್ವಲ್ಪ ಸೋಕಿದರೂ ಉಸಿರು ಕಟ್ಟುತ್ತದೆ. ವಾಸನೆ ಬರುತ್ತಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ. ಸಾವಯವ ಆವಿ ಹಿಡಿಯುವ ಕಾರ್ಟ್ರಿಜ್ ಜೊತೆಗೆ ಗನ್‌ನ ಸಣ್ಣ ಹನಿ ತಡೆಯುವ ಫಿಲ್ಟರೂ ಇರುವ ಮಾಸ್ಕ್, ಕನ್ನಡಕ, ತುಂಬು ತೋಳು. ಗಾಳಿಯಾಡುವ ಜಾಗ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ, ಅಂದರೆ ನಮ್ಮ ಊರಲ್ಲಿ ವರ್ಷವಿಡೀ. ಬಚ್ಚಲ ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು. ಮನೆಯ ಟೇಬಲ್ ಫ್ಯಾನ್ ತಂದು ಆವಿಯ ನಡುವೆ ಇಡಬೇಡಿ, ಸ್ವಿಚ್ಚಿನ ಒಂದು ಕಿಡಿ ಸಾಕು.

ಕೊನೆಗೆ, ಈಗಿರುವ ಮೇಜನ್ನು ಏನು ಮಾಡುವುದು? ಒಂದು ವಾರ ಬಿಡಿ. ಆಮೇಲೆ ಕಾಣದ ಜಾಗದಲ್ಲಿ, ಮೇಜಿನ ತಳದ ಅಂಚಿನಲ್ಲಿ ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಅದರ ಮೇಲೆ ಇನ್ನೇನೂ ಹೊಡೆಯಬೇಡಿ. ಬೇಜಾರಾಗುತ್ತದೆ, ಆದರೂ ಕೆರೆದು ತೆಗೆಯುವುದೇ ಸರಿ. ಬರಿ ಮರ ಬಂದ ಮೇಲೆ ಪಿಯು ಥಿನ್ನರ್ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಸಾಗುವಾನಿಯ ಎಣ್ಣೆ ಮೇಲೆ ಬಂದಿದ್ದರೆ ಹೋಗುತ್ತದೆ. ಉಗುರಿಗೆ ಜಗ್ಗದಿದ್ದರೆ ನಿಮ್ಮ ಅದೃಷ್ಟ. ಕಾಲಿನ ಮೇಲೆ ಇಳಿದಿರುವುದನ್ನು ಮರದ ತುಂಡಿಗೆ 240 ನಂಬರ್ ಸ್ಯಾಂಡ್ ಪೇಪರ್ ಸುತ್ತಿ ಮಟ್ಟ ಮಾಡಿ. ಬರಿ ಬೆರಳಲ್ಲಿ ಉಜ್ಜಿದರೆ ಗುಂಡಿ ಬೀಳುತ್ತದೆ. ಆಮೇಲೆ ಇಡೀ ಮೇಜಿಗೆ 320. ಬಿಳಿ ಮಂಜು ಬರೀ ಮೇಲ್ಮೈಯಲ್ಲಿದ್ದರೆ ಇಷ್ಟಕ್ಕೇ ಹೋಗುತ್ತದೆ. ಒಳಗೇ ಇದ್ದರೆ ಅದು ಕಾಣದಾಗುವ ತನಕ ಉಜ್ಜಬೇಕು. ಧೂಳು ಒರೆಸಿ, 18 ಸೆಕೆಂಡಿಗೆ (ಕಾಲಿಗಾದರೆ 20ರ ಹತ್ತಿರ) ಬೆರೆಸಿ, ಮೊದಲು ಒಂದು ಹಳೇ ಲ್ಯಾಮಿನೇಟ್ ತುಂಡನ್ನು ನಿಲ್ಲಿಸಿ ಅದಕ್ಕೆ ಹೊಡೆದು ನೋಡಿ. ಅಲ್ಲಿ ಇಳಿಯಲಿಲ್ಲ ಅಂದರೆ ಕಾಲಿನ ಮೇಲೂ ಇಳಿಯುವುದಿಲ್ಲ.

ಮುಗಿದ ತಕ್ಷಣ ಗನ್ ಜೊತೆ ಆ ಕಪ್ಪನ್ನೂ ತೊಳೆದಿಡಿ. ತೂತಿನಲ್ಲಿ ಒಂದು ಕೂದಲೆಳೆಯಷ್ಟು ಪಿಯು ಒಣಗಿ ಕೂತರೂ ಮುಂದಿನ ಸಲದ ಸೆಕೆಂಡೆಲ್ಲ ಸುಳ್ಳು ಹೇಳುತ್ತದೆ.